ಕಿವಿ ತಗದಿಟ್ಟ ಮ್ಯಾಲ

ಒಂಬತ್ತು ವರ್ಷಕ್ಕ ಜ್ವರ ಬಂತು,
ಹೋಗುವಾಗ ಎರಡೂ ಕಿವಿ ಕಟ್ಟಿಕೊಂಡು ಹೋತು.
ಬೆಟಗೇರಿ ಮಗ್ಗ ಎಲ್ಲಾ ಒಮ್ಮೆಲೇ ನಿಂತಾವ ಅಂದ್ಕೊಂಡೆ.
ಅಪ್ಪನ ಕಾಲು ಮಾತ್ರ ತುಳಿಯೂದು ಬಿಟ್ಟಿರಲಿಲ್ಲ.

ಮೂವತ್ತೆಂಟಕ್ಕ, ಹುಬ್ಬಳ್ಳಿ ದವಾಖಾನ್ಯಾಗ
ಬಲಗಿವಿ ಹಿಂದ ಕೂದಲಾ ಬೋಳಿಸಿ
ಎಲುಬು ಕೊರದು, ಒಳಗಿನ ಸಣ್ಣ ಶಂಖಕ್ಕ
ಇಪ್ಪತ್ತೆರಡು ಚುಕ್ಕಿ ಇರೂ ತಂತಿ ಸೇರಿಸಿದರು.
ಒಂದೊಂದು ಚುಕ್ಕಿ ಒಂದೊಂದು ಎಳಿ ಅಂತ ತಿಳೀರಿ, ಅಂದರು.
ಎಳಿ ಅಂದ್ರ ನಂಗ ಗೊತ್ತು.
ಇಂಚಿಗೆ ಅರವತ್ತು ಎಳಿ ಹಣಿಗಿಯೊಳಗ ಹಾಯಿಸಿದ ಕೈ ಇವು.
ಇಪ್ಪತ್ತೆರಡರಾಗ ಜಗತ್ತ ನೇಯತೀವಿ ಅಂದ್ರ
ಅರಿವಿ ಜಾಳಾಗೇ ಬರತೈತಿ ಮೇಡಂ,
ಬರದು ತೋರಿಸಿದೆ ಫರ್ಹಾನಾ ಮೇಡಂಗ.
ನಕ್ಕರು. ಇಲ್ಲ ಅನಲಿಲ್ಲ.

ತಿಂಗಳ ಬಿಟ್ಟು ಹೊರಗಿನ ಮಷೀನ ಹಚ್ಚಿದರು.
ಅವ್ವ ಅಳತಾಳ ಅಂತ ಮಗಳು ಮೊಬೈಲ್ ಹಿಡದು ನಿಂತಿದ್ದಳು.
ಅತ್ತದ್ದು ಖರೇ.
ಡಬ್ಬಿಯೊಳಗ ಒಣ ಬಟಾಣಿ ಅಲುಗಿಸಿದಂಗ ಏನೋ ಬಂತು,
ಅದು ಬಾಗಲಾ ಕಿರಗುಟ್ಟಿದ್ದೋ
ಅಕಿ "ಅವ್ವಾ" ಅಂದದ್ದೋ
ತಿಳೀಲಿಲ್ಲ, ಅದಕ್ಕ ಅತ್ತೆ.

ಆಮ್ಯಾಲ ಎಂಟು ತಿಂಗಳು ಒಂದನೇತ್ತಾ.
ದೀಪಾಲಿ ಬಾಯಿಗೆ ಪಂಚಾಂಗ ಅಡ್ಡ ಹಿಡದು
ಸಕ್ರಿ ಅಂತಾಳ, ನಾ ಚಕ್ಲಿ ಅಂತೀನಿ.
ಬತ್ತಿ, ಬುತ್ತಿ. ಮಣಿ, ಮಳಿ.
ಉಪ್ಪು ಒಂದ ಮೊದಲನೇ ದಿನವೇ ಹತ್ತಿತು, ಯಾಕೋ.
ಸ್ಟೀಲಿನ ಕಪಾಟಕ್ಕ ಬಗ್ಗಿದರ
ತಲ್ಯಾಗಿನ ಅಯಸ್ಕಾಂತ ಹೋಗಿ ತಟಕ್ಕನ ಅಂಟತೈತಿ,
ಕಿವಿ ಅಲ್ಲಿ, ನಾ ಇಲ್ಲಿ.

ನಳದ ಮುಂದಿನ ಹೆಂಗಸರು ಈಗ ಸಣ್ಣ ದನಿ ತಗೀತಾರ.
ಇಪ್ಪತ್ತೊಂಬತ್ತು ವರ್ಷ ನನ್ನ ಮುಂದ
ನನ್ನ ಸುದ್ದಿನೇ ಆಡಿದವರು,
ಪಾಪ, ಅವರಿಗೂ ಒಂದು ಜಾಗಾ ಹೋತು.
"ಚಲೋ ಆತು ನೋಡ, ಇನ್ನ ಸಂಕಪ್ಪಂಗೂ ಹಾಕಸ" ಅಂತಾರ,
ನೀರಿನ ಕೊಡಕ್ಕ ಚುಂಬಳಿ ಹಾಕಸಿದಂಗ.

ಸಂಕಪ್ಪ ಹುಟ್ಟಾ ಕೇಳದವ.
ಕೈಲೆ ಹೇಳಿದ, ಹುಬ್ಬು ಏರಿಸಿ:
ನೀ ಕಳಕೊಂಡದ್ದು ಹುಡುಕಾಕ ಹೊಂಟಿ.
ನಂದೇನು ಕಳದೈತಿ?
ಹದಿನಾರು ವರ್ಷದ ಸಂಸಾರದಾಗ
ಅವನ ಕೈಗೆ ನಾ ಎದುರು ಆಡದ ಮಾತು ಅದೊಂದ.

ಶ್ರಾವಣದಾಗ ಒಂದು ಮಧ್ಯಾಹ್ನ ಗೊತ್ತಾತು.
ಲಾಳಿ ಎಸದಾಗೊಮ್ಮೆ ಅವನ ಗಂಟಲದಾಗ
ಒಂದು ಸಪ್ಪಳ ಹುಟ್ಟತೈತಿ.
ಹಾಡಲ್ಲ. ಮಾತಲ್ಲ. ಹೊರೆ ಹೊತ್ತವ ಉಸಿರು ಬಿಟ್ಟಂಗ,
ತುದೀಗೆ ಒಂಚೂರು ನಕ್ಕಂಗ.
ಅವಂಗ ಅದರ ಖಬರಿಲ್ಲ.
ಹೊರಗ ಓಣಿ ಹುಡುಗರು ಅದನ್ನೇ ಮಾಡಿ ಮಾಡಿ
ಬಿದ್ದು ಬಿದ್ದು ನಗತಿದ್ದರು.
ದೀಪಾಲಿ ಎದ್ದು ಹೋಗಿ ಕಿಡಕಿ ಮುಚ್ಚಿದಳು.
ನಾಕು ವರ್ಷದಾಕಿ ಇದ್ದಾಗಿಂದ
ಅಪ್ಪ ಮಗ್ಗಕ್ಕ ಕುಂತ ಕೂಡಲೇ ಮುಚ್ಚತಾಳ.
ಧೂಳಿಗೆ ಅಂದ್ಕೊಂಡಿದ್ದೆ.
ಒಬ್ಬಾಕಿನೇ ಕೇಳಿಕೋತ ಕುಂತಿದ್ದಳು ಇಷ್ಟು ವರ್ಷ,
ಇಬ್ಬರ ಪಾಲಿಂದೂ.

ರಾತ್ರಿ ಕಿವಿ ತಗದು ಡಬ್ಬಿಯೊಳಗ ಇಟ್ಟೆ.
ಹಳೇದು ಬಂತು, ಹಾಸಿಗಿಯಂಥಾ ಸುಮ್ಮಕ.
ಕತ್ತಲದಾಗ ನನ್ನ ಅಂಗೈ ಮ್ಯಾಲ ಬೆರಳಿಲೆ ಬರದ:
ನನ್ನ ದನಿ ಹೆಂಗೈತಿ?
ಓಣೀದು ಹೇಳಲಿಲ್ಲ.
ಅವನ ಕೈ ಹಿಡದು ಮಗ್ಗದ ಕಂಬಕ್ಕ ಇಟ್ಟು
ಹಣಿಗಿ ಒಮ್ಮೆ ಜಗ್ಗಿ ಬಿಟ್ಟೆ.
ನಡುಕ ನಿಲ್ಲೂ ತನಕಾ ಕೈ ತಗೀಲಿಲ್ಲ ಅಂವ.

ಮರುದಿನ ಮಗಳು ಕಿಡಕಿಗೆ ಎದ್ದಳು.
"ಇರಲಿ ಬಿಡು" ಅಂದೆ,
ಒಂಬತ್ತು ವರ್ಷದ ಹುಡುಗಿ ಬಿಟ್ಟುಹೋದ ದನಿಯಾಗ.
ಎಷ್ಟು ಜೋರು ಅಂದೆನೋ,
ಹುಡುಗರು ಗಪ್ಪಾಗಿ ತಿರುಗಿ ನೋಡಿದರು.
ಅಂವ ಲಾಳಿ ಎಸದ.