ಐದೂವರೆಯ ಲಾಂಚು

ತಲೆ ಸ್ವಲ್ಪ ಹಿಂದಕ್ಕೆ ಹಾಕಿ, ಅನ್ನುತ್ತೇನೆ.
ಹಿಂದಕ್ಕೆ ಹೋದ ತಲೆಗಳೆಲ್ಲ
ಶಾಲೆಯ ಮಾಡಿನ ಗಾಜಿನ ಹಂಚನ್ನೇ ನೋಡುತ್ತವೆ,
ಅಲ್ಲಿಂದ ಇಳಿಯುವ ಒಂದು ಗೇಣು ಬಿಸಿಲನ್ನು.
ಕಡ್ಡಿ ಒಳಗೆ ಹೋಗುವಾಗ ಎಲ್ಲರಿಗೂ ಕಣ್ಣೀರು,
ಎಡಗಣ್ಣಲ್ಲಿ ಮೊದಲು, ಯಾಕೋ.

ತಿರುಗಿಸುತ್ತ ಹತ್ತು ಎಣಿಸಬೇಕು.
ಬೈರಮ್ಮ ಮೂರಕ್ಕೇ ನನ್ನ ಕೈ ಹಿಡಿದಳು.
ಮೂರರಷ್ಟೇ ಸಿಕ್ಕಿದ್ದು.
ಶಿವಮೊಗ್ಗದ ಯಂತ್ರಕ್ಕೆ ಗೊತ್ತಾಗುವುದಿಲ್ಲ
ಮೂರಕ್ಕೂ ಹತ್ತಕ್ಕೂ ನಡುವೆ ಉಳಿದದ್ದೇನೆಂದು.
ಅದು ಹೇಳುತ್ತದೆ: ಇಲ್ಲ.
ಇಲ್ಲವೇ ಇಲ್ಲವೋ, ಸಿಕ್ಕಿಲ್ಲವೋ,
ಕಾಗದದ ಮೇಲೆ ಎರಡಕ್ಕೂ ಒಂದೇ ಮಾತು.

ಮೊಬೈಲ್ ನಂಬರ್?
ಅಂಗಡಿ ಧರಣೇಂದ್ರಯ್ಯನದೇ ಬರ್ಕೊಳ್ಳಿ, ಅನ್ನುತ್ತಾರೆ.
ಹಾಗೆ ಹದಿನೇಳು ಜನರ ಓಟಿಪಿ
ಒಬ್ಬ ಧರಣೇಂದ್ರಯ್ಯನ ಜೇಬಿಗೆ ಬರುತ್ತದೆ,
ಬರುವುದಾದರೆ. ಸಿಗ್ನಲ್ಲು ಸಿಗುವುದು
ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಮಾತ್ರ.
ಆಶಾ ಜಲಜಾಕ್ಷಿ ಅವನ ಫೋನು ಹಿಡಿದು ಹತ್ತುತ್ತಾಳೆ,
ಅಲ್ಲಿಂದ ಅಂಕಿ ಕೂಗುತ್ತಾಳೆ, ಕೆಳಗೆ ನಾನು ಬರೆಯುತ್ತೇನೆ.
ನಾಲ್ಕು, ಏಳು, ಸೊನ್ನೆ...
ಒಂದಂಕಿಯನ್ನು ಗಾಳಿ ತಿಂದುಹಾಕಿತು.

ಊರಲ್ಲಿ ಮೂವರು ಗುತ್ಯಪ್ಪಂದಿರು.
ಅದರಲ್ಲಿ ಇಬ್ಬರು ಗುತ್ಯಪ್ಪ ಬಿನ್ ಹುಚ್ಚಪ್ಪ.
ಇಬ್ಬರಿಗೂ ಐವತ್ತೆರಡು ಎಂದಿದೆ ಆಧಾರಿನಲ್ಲಿ,
ಹುಟ್ಟಿದ ದಿನ ಇಬ್ಬರಿಗೂ ಗೊತ್ತಿಲ್ಲ.
ಒಬ್ಬನ ನಳಿಕೆಯ ಪಟ್ಟಿಯ ಮೇಲೆ
ಹೆಸರಿನ ಪಕ್ಕ 'ಮೀಸೆ' ಎಂದು ಸೇರಿಸಿದೆ.
ನಿಯಮದಲ್ಲಿಲ್ಲ ಅದು.

ಜ್ವರ ನಮಗೆ ಹೊಸದಲ್ಲ.
ಮಂಗನ ಕಾಯಿಲೆಯ ವರ್ಷಗಳಲ್ಲಿ
ಕಾಡಲ್ಲಿ ಮಂಗ ಸತ್ತುಬಿದ್ದರೆ ತಿಳಿಯುತ್ತಿತ್ತು,
ಸೊಪ್ಪಿಗೆ, ಸೌದೆಗೆ ಹೋಗುವುದು ನಿಲ್ಲುತ್ತಿತ್ತು.
ರಕ್ತ ಕೊಟ್ಟು ದೂರದ ಉತ್ತರಕ್ಕೆ ಕಾಯುವುದನ್ನೂ
ಆಗಲೇ ಕಲಿತಿದ್ದೆವು.
ನನ್ನ ಸೋದರತ್ತೆಯ ಉತ್ತರ
ಸೋದರತ್ತೆಯ ತಿಥಿಯೂಟ ಮುಗಿದ ಮೇಲೆ ಬಂತು.
ಈ ಸಲದ್ದಕ್ಕೆ ಮುಂಚೆ ಸತ್ತು ತಿಳಿಸಲು
ಮಂಗವೂ ಇಲ್ಲ.

ಮೇಲಿನಿಂದ ಪತ್ರ: ಕಿಟ್ ಸಾಲುತ್ತಿಲ್ಲ,
ಐದೈದು ಮಾದರಿ ಬೆರೆಸಿ ನೋಡಲಾಗುವುದು.
ಪಟ್ಟಿ ಮಾಡಿದೆ. ಮಾಡುತ್ತ ಮಾಸ್ಕಿನೊಳಗೇ ನಕ್ಕೆ.
ಗಣಪಯ್ಯ ಹೆಗಡೆ, ಅಂಗಳದಾಚೆ ನಿಲ್ಲಿಸಿ
ಗೆರಟೆಗೆ ನೀರು ಹೊಯ್ಯುತ್ತಿದ್ದವರ ಮೊಮ್ಮಗ;
ಆ ಗೆರಟೆಯಲ್ಲಿ ಕುಡಿದವಳ ಮೊಮ್ಮಗಳು ಚೌಡಿ;
ಲಾಂಚಿನಲ್ಲಿ ಟಿಕೆಟ್ ಹರಿಯುವ ಮುನೀರ;
ಮೂರಡಿ ಬೇಲಿಗೆ ಹದಿನಾಲ್ಕು ವರ್ಷ
ಸಾಗರದ ಕೋರ್ಟಿಗೆ ಅಲೆದ ಅಣ್ಣ ತಮ್ಮ, ಕನ್ನಪ್ಪ ಕೆರಿಯಪ್ಪ.
ಐವರ ಮೂಗಿನ ನೀರು ಒಂದೇ ನಳಿಕೆಯಲ್ಲಿ.
ಇಲ್ಲ ಅಂದರೆ ಐವರಿಗೂ ಇಲ್ಲ.
ಇದೆ ಅಂದರೆ ಐವರೂ ಮತ್ತೆ ಬರಬೇಕು,
ಒಬ್ಬೊಬ್ಬರೇ, ಬೇರೆ ಬೇರೆ,
ಮೊದಲಿನ ಹಾಗೇ.

ಗಂಟೆ ಐದು. ಡಬ್ಬಿಯ ಮಂಜುಗಡ್ಡೆ ಅರ್ಧ ನೀರಾಗಿದೆ.
ನಾಡಿಗೆ ಬೆಳಕಾಗಲೆಂದು ಮುಳುಗಿದ ಈ ಸೀಮೆಯಲ್ಲಿ
ಬೆಳಿಗ್ಗೆಯಿಂದ ಕರೆಂಟಿಲ್ಲ.
ಧರಣೇಂದ್ರಯ್ಯ ಕರಗುವ ಮೊದಲು ಒಯ್ಯಿ ಎಂದು ಕೊಟ್ಟ
ಹದಿನಾರು ಐಸ್ ಕ್ಯಾಂಡಿ, ಕಿತ್ತಳೆ ಬಣ್ಣದವು.
ನಳಿಕೆಗಳ ಸುತ್ತ ಜೋಡಿಸಿದೆ.
ಐದೂವರೆಯದು ತಪ್ಪಿದರೆ ಹೊಳೆಯಾಚೆ ಹೋಗುವುದು ನಾಳೆ.
ಲಾಂಚಿನಲ್ಲಿ ಎರಡು ಜೀಪು, ಒಂದು ಎಮ್ಮೆ,
ನನ್ನ ಮಡಿಲಲ್ಲಿ ಊರಿನ ಅರವತ್ತು ಮೂಗು.
ಒಣಗಿದ ಬೊಡ್ಡೆಗಳು ನೀರಿನ ಮೇಲೆ ತಲೆಯೆತ್ತಿ
ತಮ್ಮ ಸರದಿಗೆ ಕಾಯುವವರ ಹಾಗೆ.

ಆರನೆಯ ದಿನ ಟ್ಯಾಂಕಿನ ಬಳಿಯಿಂದ ಕೂಗು:
ಗುತ್ಯಪ್ಪ ಬಿನ್ ಹುಚ್ಚಪ್ಪ, ಐವತ್ತೆರಡು, ಇದೆ.
ಯಾವ ಗುತ್ಯಪ್ಪ?
ನನ್ನ 'ಮೀಸೆ' ಎಲ್ಲಿ ಅಳಿಸಿತೋ,
ಯಾರು ಬೇಡವೆಂದು ಬಿಟ್ಟರೋ.
ಇಬ್ಬರೂ ಬಂದು ಶಾಲೆಯ ಜಗಲಿಯಲ್ಲಿ
ಆರಡಿ ಬಿಟ್ಟು ಕೂತರು.
ನಿನ್ನದೇ ಇರಬೇಕು ಎಂದು ಒಬ್ಬನೂ ಅನ್ನಲಿಲ್ಲ.
ಮೀಸೆಯವನು ಬೀಡಿ ತೆಗೆದು, ನೋಡಿ, ಒಳಗಿಟ್ಟ.

ತಲೆ ಸ್ವಲ್ಪ ಹಿಂದಕ್ಕೆ, ಎಂದೆ.
ಇಬ್ಬರೂ ಒಟ್ಟಿಗೇ ಹಾಕಿದರು.
ಈ ಸಲ ಹನ್ನೆರಡು ಎಣಿಸಿದೆ.