ನಾಲ್ಕು ಮೈಕ್ರಾನ್

ಗುತ್ಯಮ್ಮ ಮೇಡಂ ಹೇಳುತ್ತಿದ್ದರು:
ತೆಳ್ಳಗೆ, ದಸ್ತಗೀರ್, ಇನ್ನೂ ತೆಳ್ಳಗೆ.
ಮೇಣದ ಬಿಲ್ಲೆಯಲ್ಲಿ ಹುದುಗಿದ ಮಾಂಸ
ಮೈಕ್ರೊಟೋಮಿನ ಹಿಡಿ ತಿರುಗಿಸಿದರೆ
ರಿಬ್ಬನ್ನಾಗಿ ಬರುತ್ತದೆ, ಒಂದರ ಬಾಲಕ್ಕೊಂದು;
ಬೆಚ್ಚನೆ ನೀರಿನ ಮೇಲೆ ಬಿಟ್ಟು, ಸುಕ್ಕು ಬಿಡಿಸಿ,
ಕೆನೆ ಎತ್ತುವ ಹಾಗೆ ಗಾಜಿನ ಮೇಲೆ ಎತ್ತಬೇಕು.
ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ
ಯಾರದೋ ಗಂಟಲು.

ಹಾರ್ಲಿಕ್ಸ್ ಬಾಟಲಿಯಲ್ಲಿ, ಉಪ್ಪಿನಕಾಯಿ ಡಬ್ಬಿಯಲ್ಲಿ
ಹೊಸನಗರದಿಂದ, ಸಾಗರದಿಂದ
ಕಂಡಕ್ಟರನ ಸೀಟಿನ ಕೆಳಗೆ ಕೂತು ಬರುತ್ತಿದ್ದವು:
ಕವಳ ತಿಂದ ಕೆನ್ನೆಯ ಚೂರು, ಗರ್ಭಕೋಶ,
ಫಾರ್ಮಲಿನ್ ಬದಲು ಗ್ಲೂಕೋಸಿನಲ್ಲಿ ಮುಳುಗಿ
ಕೊಳೆತೇ ಬಂದ ಒಂದು ಗೆಡ್ಡೆ.
ಅವತ್ತು ಮೇಡಂ ಫೋನಿನಲ್ಲಿ ಬೈದದ್ದು ಅಚ್ಚ ಸೊರಬದ ಬೈಗುಳ,
ಇಲ್ಲಿ ಬರೆಯುವಂಥದ್ದಲ್ಲ.

ಬಣ್ಣ ಹಾಕಿ ನಲ್ಲಿಯ ಕೆಳಗೆ ಹಿಡಿದರೆ
ಕೆಂಪಗಿದ್ದದ್ದು ಹತ್ತು ನಿಮಿಷಕ್ಕೆ ನೀಲಿಗೆ ತಿರುಗುತ್ತದೆ.
"ತುಂಗಾ ಪಾನ ಅಂತಾರಲ್ಲ, ಸ್ಲೈಡಿಗೂ ಅದೇ ಸರಿ"
ಎಂದು ನಕ್ಕಿದ್ದರು, ಹುಬ್ಬಳ್ಳಿಯಿಂದ ಬಂದ ಮೊದಲ ವಾರ.
ಆಮೇಲೆ ಈಯೋಸಿನ್, ಮುರುಗಲು ಶರಬತ್ತಿನ ಬಣ್ಣ.

ರೋಗಿಗಳು ಯಾರೂ ಅವರ ಮುಖ ಕಂಡವರಲ್ಲ.
ರಿಪ್ಪನ್‌ಪೇಟೆಯ ಹಲಸಿನ ಹಣ್ಣು ಸರ್ಜನ್ನರ ಮನೆಗೆ ಹೋಗುತ್ತಿತ್ತು.
ಪ್ರೊಫೆಸರ್ ಮಾಡುವ ಫೈಲು ಮೂರು ವರ್ಷ
ಯಾವುದೋ ಮೇಜಿನ ಮೇಲೆ ಮಲಗಿತ್ತು.
ಪೇಪರು ಹನ್ನೊಂದು; ಎರಡರ ಕೊನೆಯಲ್ಲಿ
ಇರುವೆಯಷ್ಟು ಅಕ್ಷರದಲ್ಲಿ ನನ್ನ ಹೆಸರೂ ಇದೆ, ಸ್ಪೆಲಿಂಗ್ ತಪ್ಪು.
ಚಂಡೀಗಢದಲ್ಲಿ ಅವರ ಹೆಸರನ್ನು ಮೈಕಿನಲ್ಲಿ
ಮೂರು ಬಗೆಯಲ್ಲಿ ಕೂಗಿದರಂತೆ.
ಮೂರಕ್ಕೂ ಎದ್ದು ನಿಂತೆ, ಎಂದರು.

ಹೊಸ ಪಿಜಿಗಳಿಗೆ ಮೊದಲ ದಿನ ತೋರಿಸುವುದು ಒಂದೇ ಸ್ಲೈಡು.
೧೧೪೨/೦೮. ಕತ್ತಿನ ಗಂಟು.
"ಏನು ಕಾಣುತ್ತೆ?"
ರಿಯಾಕ್ಟಿವ್ ಮೇಡಂ, ಎನ್ನುತ್ತವೆ ಮಕ್ಕಳು,
ಸೋಂಕಿಗೆ ಊದಿದ್ದು, ಅಷ್ಟೆ.
"ನಾನೂ ಹಾಗೇ ಬರೆದೆ.
ಈಕೆ ಆಯನೂರಿನಲ್ಲಿ ಹೊಲಿಗೆ ಕಲಿಸುತ್ತಿದ್ದರು.
ಹತ್ತು ತಿಂಗಳ ಮೇಲೆ ಮತ್ತೆ ಬಂದಾಗ
ನೋಡಲು ಮೈಕ್ರೊಸ್ಕೋಪು ಬೇಕಿರಲಿಲ್ಲ."
ಫ್ಯಾನಿನ ಸದ್ದು.
ಬಾಗಿಲ ಹೊರಗೆ ಟ್ರೇ ಹಿಡಿದು ನಿಂತ ನನಗೆ
ಹದಿನಾರು ಬ್ಯಾಚು, ಹದಿನಾರು ಸಲ, ಕೈ ತಣ್ಣಗಾಗಿದೆ.

ಯಾಕೆಂದರೆ ಅವತ್ತು ಬ್ಲೇಡು ಮೊಂಡಾಗಿತ್ತು.
ಹೊಸದು ಬೀರುವಿನಲ್ಲಿ, ಬೀಗದ ಕೈ ಸ್ಟೋರಿನವನ ಸೊಂಟದಲ್ಲಿ,
ಅವನು ಊಟಕ್ಕೆ.
ತಂಗಿಗೆ ಗಂಡು ನೋಡಲು ಭದ್ರಾವತಿಗೆ ಹೋಗುವ ರೈಲು ಎರಡಕ್ಕೆ.
ಎಂಟು ಮೈಕ್ರಾನ್ ಇತ್ತೇನೋ; ಕಣದ ಮೇಲೆ ಕಣ,
ಬಸ್ ಸ್ಟ್ಯಾಂಡಿನ ನೂಕಿನಲ್ಲಿ ಜೇಬುಗಳ್ಳ ನಿಂತ ಹಾಗೆ.
ಹೇಳಬೇಕು ಎಂದುಕೊಂಡೆ.
ತಂಗಿಗೆ ಮೂರು ಮಕ್ಕಳಾದವು.

ನಿವೃತ್ತಿಗೆ ವಾರವಿದೆ ಎನ್ನುವಾಗ ಕರೆದರು:
ಅದರ ಬಣ್ಣ ಮಾಸಿದೆ, ಬ್ಲಾಕ್ ಹುಡುಕಿ ಹೊಸ ಕಟ್ ತೆಗೆಯಿರಿ.
ಹಳೆಯದೂ ಇರಲಿ. ಎರಡೂ ಪಕ್ಕ ಪಕ್ಕ.

ನಂಬರು ತಾಳೆ ನೋಡಲು ರಿಜಿಸ್ಟರ್ ತೆರೆದೆ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ,
ಅವರ ಕಾಗೆಕಾಲು ಗುಬ್ಬಿಕಾಲು ಅಕ್ಷರ:
"ಕಟ್ ದಪ್ಪ. ಇನ್ನೊಂದು ಕೇಳಬೇಕಿತ್ತು.
ಕೇಳದವಳು ನಾನು."
ತಾರೀಕು, ಆಕೆ ತೀರಿಕೊಂಡ ಮರುದಿನದ್ದು.

ಹೊಸ ಬ್ಲೇಡು ಹಾಕಿದೆ. ಮೇಣವನ್ನು ಐಸಿನ ಮೇಲಿಟ್ಟೆ.
ನಾಲ್ಕು.
ಮೂರೂ ಬಂತು.
ನೀರ ಮೇಲೆ ಬಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು.
ನಲ್ಲಿಯ ಹತ್ತಿರ ನಿಂತೇ ಇದ್ದೆ, ನೀಲಿಯಾಗುವವರೆಗೆ.

ಮೇಡಂ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.
ಆಮೇಲೆ ಸ್ಟೂಲಿನಿಂದ ಎದ್ದು, "ಕೂತ್ಕೊಳ್ಳಿ, ನೀವೇ ನೋಡಿ" ಎಂದರು.
ಅವರ ಸ್ಟೂಲು ಇನ್ನೂ ಬೆಚ್ಚಗಿತ್ತು.
ನೇರಳೆ ಚುಕ್ಕಿಗಳ ನಡುವೆ ಒಂದೇ ಒಂದು ದೊಡ್ಡ ಕಣ,
ಗೂಬೆಯ ಹಾಗೆ ಎರಡು ಕಣ್ಣು,
ಬ್ಲಾಕಿನ ಕತ್ತಲೆಯಲ್ಲಿ ಇಷ್ಟು ವರ್ಷ
ಮಿಟುಕಿಸದೆ ಕೂತದ್ದು.