ಚೀಟಿ ನಂಬರು ನಲವತ್ತೇಳು

ಬೆಳಗಿನ ನಾಲ್ಕಕ್ಕೆ ಶಟರು ಬಡಿದರು.
ಕಳ್ಳರು ಹಾಗೆ ಬಡಿಯುವುದಿಲ್ಲ, ಪೊಲೀಸರೂ.
ಎತ್ತಿದರೆ ಮೀನುಪೇಟೆಯ ಹಮ್ದಾನ್,
ಬಗಲಲ್ಲಿ ಬಿಳಿ ದಿಶ್ದಾಶದ ಮುದ್ದೆ, ಬರಿಗಾಲು.
"ಅಬೂನಾ ಹೋದರು" ಎಂದ.
ಇವನಪ್ಪ ಸತ್ತು ಹನ್ನೊಂದು ವರ್ಷವಾಯಿತಲ್ಲ
ಎಂದು ಕೇಳಹೊರಟವನು
ಗಲ್ಲಾದ ಮೇಲಿನ ಪಟ ಕಂಡು ಬಾಯಿ ಮುಚ್ಚಿದೆ.

ಟಿವಿಯಲ್ಲಿ ಹಾಡಿಲ್ಲ, ಸಾಬೂನಿನ ಜಾಹೀರಾತಿಲ್ಲ,
ಖುರಾನಿನ ಓದು ಮಾತ್ರ,
ಮಧ್ಯೆ ಮಧ್ಯೆ ಓದುವವನೇ ಉಸಿರಿಗೆ ತಡೆಯುವ ಸದ್ದು.
ಆರರೊಳಗೆ ಬೀದಿಯ ತಿರುವಿನವರೆಗೆ ಸಾಲು.
ಮಧ್ಯಾಹ್ನದ ನಮಾಜಿಗೆ ದೊರೆಯ ಜನಾಜಾ,
ಎಲ್ಲರಿಗೂ ಬಿಳಿ ಬೇಕು, ಈಗಲೇ ಬೇಕು.

ಶಾಲೆ ಕಾವಲಿನ ಖಲ್ಫಾನ್ ತಂದದ್ದು ಮದುವೆಯದು,
ಕೊರಳಲ್ಲಿನ್ನೂ ಊದಿನ ವಾಸನೆ.
ರಜೆಯೆಂದು ಕುಣಿದ ಮಗನಿಗೆ ತಾಯಿ ಒಂದು ಬಿಟ್ಟಳು,
ಆಮೇಲೆ ಅಳಲು ಕೂತವಳು ಅವಳೇ.
ಕೆಫೆಟೇರಿಯಾದ ಕೋಯಾಕ್ಕನಿಗೆ ಪರೋಟಾ ಹಿಟ್ಟಿನ ಚಿಂತೆ:
ಮೂರು ದಿನ ಬಾಗಿಲು ಹಾಕಿದರೆ ನಾದಿಟ್ಟದ್ದು ಯಾರಿಗೆ?
ಕೇಳಿ, ತಾನೇ ನಾಲಿಗೆ ಕಚ್ಚಿಕೊಂಡ.

ಶಮ್ಸಾ ಮುದುಕಿ ಬಟ್ಟೆ ತಂದಿರಲಿಲ್ಲ,
ಹೇಳಲಿಕ್ಕೆಂದೇ ಬಂದದ್ದು.
"ಬಸುರಿ ಅಕ್ಕನನ್ನು ಕತ್ತೆಯ ಮೇಲೆ ಕೂರಿಸಿ ಹೊರಟೆವು,
ಎರಡು ರಾತ್ರಿ, ಬರೀ ಕಲ್ಲು.
ಅಕ್ಕ ಮುಟ್ಟಲಿಲ್ಲ.
ನನ್ನ ಮಗಳಿಗೆ ನೋವು ಬಂದಾಗ ನಲವತ್ತು ನಿಮಿಷ.
ಆ ರಸ್ತೆಗೆ ಹೆಸರಿಲ್ಲ, ಗೊತ್ತಾ?
ನಾವು ಅವನನ್ನೇ ಕರೆಯುತ್ತಿದ್ದೆವು."

ಊರಿಂದ ಫೋನು.
"ಕೆಲ್ಸಕ್ಕೆಂತ ತೊಂದ್ರಿ ಇಲ್ಲೆ ಅಲ್ದಾ?"
ಇಲ್ಲ ಎಂದೆ.
ಮತ್ತೆ ಏನು ಹೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ.

ನನ್ನ ದೊರೆಯಲ್ಲ.
ಇಪ್ಪತ್ತಾರು ವರ್ಷ ನೋಟಿನ ಮೇಲೆ ಅವನ ಮುಖ
ಎಂಜಲು ಹಚ್ಚಿ ಎಣಿಸಿ ಊರಿಗೆ ಕಳಿಸಿದವನು ನಾನು.
ಬಾವಿಗೆ ಕಟ್ಟೆಯಾದ, ಮಗಳ ಕಿವಿಗೆ ಓಲೆಯಾದ,
ಅಮ್ಮನ ಡಯಾಲಿಸಿಸ್‌ನಲ್ಲಿ ಕರಗಿದ.
ಅತ್ತರೆ ನಾಟಕ ಅನ್ನಿಸೀತು,
ಅಳದಿದ್ದರೆ ಉಂಡ ಮನೆ.
ಇಸ್ತ್ರಿಪೆಟ್ಟಿಗೆಯ ಹಬೆ ಒಳ್ಳೆಯದು,
ಕಣ್ಣೊರೆಸಿದರೆ ಯಾರೂ ಕೇಳುವುದಿಲ್ಲ.

ನಮ್ಮ ಕಡೆ ಸಾವಿನ ಮನೆಗೆ ಮಡಿವಾಳ ಹೋಗಲೇಬೇಕು,
ಅವನು ಮಡಿ ಕೊಡದೆ ಸೂತಕ ಕಳೆಯದು.
ವರ್ಷವಿಡೀ ಅಂಗಳದಾಚೆ ನಿಲ್ಲಿಸಿದವರು
ಆ ದಿನ ದಾರಿ ಕಾಯುತ್ತಾರೆ, ಅನ್ನುತ್ತಿದ್ದ ಅಜ್ಜ,
ಹೇಳುವಾಗ ಎದೆ ಸ್ವಲ್ಪ ಉಬ್ಬಿಸಿ.
ಆ ಉಬ್ಬು ಕಂಡೇ ನಾಚಿ, ಕುಲದ ಕೆಲಸ ಬೇಡವೆಂದು
ಹದಿನೆಂಟಕ್ಕೆ ಊರು ಬಿಟ್ಟೆ.
ಬಂದು ಬಿದ್ದದ್ದು ಲಾಂಡ್ರಿಗೆ.
ಇವತ್ತು ಇಡೀ ದೇಶವೇ ಸಾವಿನ ಮನೆ,
ದಾರಿ ಕಾಯುತ್ತಿದೆ ಬಾಗಿಲಲ್ಲಿ.
ಅಜ್ಜ, ನನ್ನ ಎದೆಯೂ ಸ್ವಲ್ಪ ಉಬ್ಬಿತು. ಸುಳ್ಳು ಯಾಕೆ.

ಹತ್ತು ದಾಟಿದ ಮೇಲೆ ಬಂದವನು ಮತರ್.
ಅವನ ತಮ್ಮನನ್ನು ಒಂದು ರಾತ್ರಿ ಕರೆದೊಯ್ದಿದ್ದರು,
ಏನೋ ಹೇಳಿದ್ದನಂತೆ.
ನಾಲ್ಕು ವರ್ಷಕ್ಕೆ ತಿರುಗಿ ಬಂದ ತಮ್ಮ
ಏನನ್ನೂ ಹೇಳುವುದಿಲ್ಲ,
ಬಂದರಿನಲ್ಲಿ ಕೂತು ಹಗ್ಗ ಬಿಡಿಸುತ್ತಾನೆ.
ಸಾಲು ತಾನಾಗಿ ದಾರಿ ಬಿಟ್ಟಿತು.
ಮತರ್ ದಿಶ್ದಾಶ ಇಟ್ಟ. "ಗಂಜಿ ಜಾಸ್ತಿ ಹಾಕು."
ಪಟವನ್ನು ನೋಡಿದ, ಬಹಳ ಹೊತ್ತು.
ನಾನು ಕಲೆ ಓದಬಲ್ಲೆ:
ಇದು ಖರ್ಜೂರ, ಇದು ರಕ್ತ, ಇದು ಎಂಜಿನ್ ಎಣ್ಣೆ.
ಮುಖ ಓದಲು ಬರುವುದಿಲ್ಲ.
ನಲವತ್ತೇಳನೇ ಚೀಟಿ ಕೊಟ್ಟೆ.

ಮಧ್ಯಾಹ್ನ ಬೀದಿ ಪೂರ್ತಿ ಬಿಳಿಯಾಗಿ ಎದ್ದು ನಡೆಯಿತು.
ಮಡಿಕೆಗಳೆಲ್ಲ ನನ್ನವು.
ಕಸ ಗುಡಿಸುವ ಮೊತಾಲೇಬ್ ಪೊರಕೆ ಗೋಡೆಗಾನಿಸಿ,
ಚಪ್ಪಲಿ ಕಳಚಿ,
ಕೊನೆಯ ಸಾಲಿನಲ್ಲಿ ಸೇರಿಕೊಂಡ, ಕಿತ್ತಳೆ ಸಮವಸ್ತ್ರದಲ್ಲೇ.
ಯಾರೂ ಬೇಡ ಅನ್ನಲಿಲ್ಲ.

ಬಾವುಟ ಮತ್ತೆ ಕಂಬದ ತುದಿಗೇರಿತು.
ಹೊಸಬರ ಪಟ ಬಂತು, ಪಕ್ಕಕ್ಕೊಂದು ಮೊಳೆ ಹೊಡೆದೆ.
ಸರಳಿನ ತುದಿಯಲ್ಲಿ ನಲವತ್ತೇಳು ತೂಗುತ್ತಿದೆ.
ಮತರ್ ದಿನಾ ಈ ದಾರಿಯಲ್ಲೇ ಹೋಗುತ್ತಾನೆ, ಸಲಾಂ ಹೇಳುತ್ತಾನೆ.
ನಾನು ಕೇಳುವುದಿಲ್ಲ.
ಗಂಜಿ ಜಾಸ್ತಿ ಹಾಕಿದ್ದೆ.
ಇಸ್ತ್ರಿ ಇನ್ನೂ ಮುರಿದಿಲ್ಲ.